ಜೂನ್ ತಿಂಗಳ ಕೊಮಾದ್ರೆ

ನಾಲ್ಕನೆಯ ಸಲ ಬುಟ್ಟಿ ಕೈಗೆ ಬಂದಾಗ ಬೆನೀತಾಳಿಗೆ ಹೆದರಿಕೆ ಶುರುವಾಯಿತು. ಅದಕ್ಕೆ ಮುಂಚೆ ನಾಚಿಕೆಯಾಗಿತ್ತು, ನಗು ಬಂದಿತ್ತು, ಕ್ಯಾಮೆರಾದ ಕಡೆ ನೋಡಬೇಡಿ ಎಂದು ಬೈಸಿಕೊಂಡಾಗ ಶಾಲೆಯ ಹುಡುಗಿಯ ಹಾಗೆ ಕಿವಿ ಬಿಸಿಯಾಗಿತ್ತು. ಹೆದರಿಕೆ ಮಾತ್ರ ಇರಲಿಲ್ಲ. ಬುಟ್ಟಿಯಲ್ಲಿದ್ದ ಕೇಕು ರಟ್ಟಿನದು. ಮೇಲೆ ಬಳಿದ ಬಿಳಿ ಬಣ್ಣ ಇನ್ನೂ ಅಂಟುತ್ತಿತ್ತು. ಸುತ್ತ ಸಿಕ್ಕಿಸಿದ್ದ ಸೌತೆಕಾಯಿ, ಕೆಂಪು ಮೆಣಸಿನಕಾಯಿ, ಸೇವಂತಿಗೆ ಇವಷ್ಟೇ ನಿಜವಾದವು. ಎದುರಿಗೆ ನಿಂತವಳು, ಬೆಳಿಗ್ಗೆಯವರೆಗೆ ಯಾರೆಂದೇ ಗೊತ್ತಿಲ್ಲದಿದ್ದ ಕಸಿಲ್ದಾ, ಬುಟ್ಟಿ ಕೊಡುತ್ತಾ "ತಗೊಳ್ಳಿ ಕೊಮಾದ್ರೆ, ಸಾಯೋವರ್ಗೂ" ಎಂದಳು. ಹಾಗೆ ಹೇಳಬೇಕೆಂದೇ ಅವಳಿಗೆ ಹೇಳಿಕೊಟ್ಟಿದ್ದರು. ಆದರೆ ಈ ಸಲ ಬುಟ್ಟಿಯ ಅಡಿಯಲ್ಲಿ, ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ, ಅವಳ ಒರಟು ಬೆರಳುಗಳು ಬೆನೀತಾಳ ಬೆರಳುಗಳನ್ನು ಹುಡುಕಿ ಹಿಡಿದು ಅಮುಕಿದವು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಾರಿಗೂ ಕಾಣದ್ದನ್ನು ಇವಳು ಯಾರಿಗಾಗಿ ಮಾಡಿದಳು ಎಂದು ಯೋಚಿಸುವಷ್ಟರಲ್ಲಿ "ಕಟ್" ಎಂದು ಯಾರೋ ಕೂಗಿದರು.

ಫೆಬ್ರವರಿ ಹೊತ್ತಿಗೆ ಬರುವ ಕಾರ್ನಿವಾಲ್ ಹಬ್ಬಕ್ಕೆ ಮುಂಚಿನ ಗುರುವಾರ ಹೆಂಗಸರು ಬುಟ್ಟಿ ಕೊಟ್ಟು ತೆಗೆದುಕೊಳ್ಳುವುದು ಆಟವಲ್ಲ. ಕೊಟ್ಟವಳು, ತೆಗೆದುಕೊಂಡವಳು ಅಂದಿನಿಂದ ಕೊಮಾದ್ರೆಗಳು. ಒಡಹುಟ್ಟಿದವಳ ಜೊತೆ ಜಗಳವಾಡಿ ಮಾತು ಬಿಡಬಹುದು, ಕೊಮಾದ್ರೆಯ ಜೊತೆ ಬಿಡುವಂತಿಲ್ಲ. ಅವಳು ಕೇಳಿದರೆ ಇಲ್ಲವೆನ್ನುವಂತಿಲ್ಲ. ಊರಲ್ಲಿ, ತುಪೀಸಾದಲ್ಲಿ, ಬೆನೀತಾಳ ತಾಯಿಗೆ ಉರ್ಸುಲಾ ಎಂಬ ಕೊಮಾದ್ರೆ ಇದ್ದಳು. ಒಂದು ಮಧ್ಯಾಹ್ನ ಬಂದು ಒಲೆಯ ಪಕ್ಕ ಕೂತು, ಸಾರು ಕುಡಿದು, ಮೂಗು ಒರೆಸಿಕೊಂಡು, ಹೊಲಿಗೆ ಯಂತ್ರ ಬೇಕು ಎಂದಳು. ತಾಯಿ ಮರುಮಾತಾಡದೆ ಅದರ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟು ಯಂತ್ರವನ್ನು ಕೊಟ್ಟುಬಿಟ್ಟಳು. ಅದು ಕೈಗಾಡಿಯ ಮೇಲೆ ಬೀದಿ ತಿರುಗಿ ಮರೆಯಾದದ್ದನ್ನು ಹುಡುಗಿ ಬೆನೀತಾ ಹೊಸಿಲ ಮೇಲೆ ನಿಂತು ನೋಡಿದ್ದಳು. ಮುಂದೆ ತನ್ನದೇ ಯಂತ್ರ ಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳಾದ ಮೇಲೆ ಪ್ರತಿವರ್ಷ ಆ ಗುರುವಾರ ಬಾಗಿಲಿಗೆ ಅಗಣಿ ಹಾಕಿ, ರೇಡಿಯೋ ಆರಿಸಿ, ಯಂತ್ರವನ್ನೂ ತುಳಿಯದೆ ಕೂರುತ್ತಿದ್ದಳು. ಹೊರಗೆ ಬುಟ್ಟಿ ಹಿಡಿದು ಬಂದವರು ಬಾಗಿಲು ತಟ್ಟಿ, "ದೋನ್ಯಾ ಬೆನೀತಾ, ಒಳಗಿದ್ದೀರಂತ ಗೊತ್ತು, ಕೆಮ್ಮಿದ್ದು ಕೇಳಿಸ್ತು" ಎಂದು ನಕ್ಕು ಹೋಗುತ್ತಿದ್ದರು. ಅದು ಮೊದಮೊದಲು. ಆಮೇಲೆ ತಟ್ಟುವವರೂ ಇಲ್ಲವಾದರು. ಅದರಿಂದ ತನಗೆ ನೆಮ್ಮದಿಯಾಯಿತೋ ಅವಮಾನವಾಯಿತೋ ಎಂಬುದನ್ನು ಅವಳು ಇವತ್ತಿನವರೆಗೂ ತೀರ್ಮಾನಿಸಿರಲಿಲ್ಲ.

ಅಂಥವಳು ಈಗ ಜೂನ್ ತಿಂಗಳ ಚಳಿಯಲ್ಲಿ, ತಾರಿಹಾದ ಬಸ್ ನಿಲ್ದಾಣದಲ್ಲಿ, ನೂರು ಜನರ ಎದುರಿಗೆ ಬುಟ್ಟಿ ಹಿಡಿದು ನಿಂತಿದ್ದಳು. ತಪ್ಪು ಅವಳದಲ್ಲ, ರಸ್ತೆಯದು. ಗಡಿಯ ಊರು ಬೆರ್ಮೆಹೊಗೆ ಹೋಗುವ ದಾರಿಗೆ ರೈತರು ಕಲ್ಲು ಅಡ್ಡ ಹಾಕಿ ಕೂತಿದ್ದರು, ಬಸ್ಸುಗಳು ಸಾಲಾಗಿ ನಿಂತಿದ್ದವು. ಬೆನೀತಾ ಗಂಟುಮೂಟೆಯ ಮೇಲೆ ಕೂತು ಕಲ್ಲು ತೆಗೆಯುವುದನ್ನೇ ಕಾಯುತ್ತಿದ್ದಾಗ ವ್ಲಾದಿಮಿರ್ ಎಂಬ, ಕೊರಳಿಗೆ ವೈರು ನೇತುಹಾಕಿಕೊಂಡ ಯುವಕ ಬಂದು ಅವಳ ಮುಖವನ್ನು ಮಾರುಕಟ್ಟೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದ. "ಮಾಮಿ, ಸಿನಿಮಾದಲ್ಲಿ ನಿಲ್ತೀರಾ? ಇಬ್ರು ಒಂಟಿ ಹೆಂಗಸ್ರು ಬೇಕು. ಪ್ರಯಾಣ ಹೊರಟೋರು. ಒಬ್ರಿಗೊಬ್ರು ಗುರುತಿಲ್ದೋರು. ನಿಮ್ಮನ್ನ ನೋಡಿದ್ರೆ ಸಾಕು, ಹಾಗೇ ಇದ್ದೀರಿ." ಹಾಗೇ ಇದ್ದೀರಿ ಎಂದ ಮಾತು ಅವಳಿಗೆ ಚುಚ್ಚಿತು. ಬೇಡವೆನ್ನಲು ಬಾಯಿ ತೆಗೆದಳು. ಅಷ್ಟರಲ್ಲಿ ಪಕ್ಕದ ಬೆಂಚಿನಿಂದ ಗಂಡಸಿನ ಕೋಟು ತೊಟ್ಟ, ಮುಂದಿನ ಹಲ್ಲಿಗೆ ಚಿನ್ನದ ಕಟ್ಟು ಹಾಕಿಸಿಕೊಂಡ ಹೆಂಗಸೊಬ್ಬಳು ಎದ್ದು, "ಊಟ ಹಾಕ್ತೀಯೇನೋ? ಹಾಕೋ ಹಾಗಿದ್ರೆ ನಾವಿಬ್ರೂ ಬರ್ತೀವಿ" ಎಂದು ಬೆನೀತಾಳ ತೋಳು ಹಿಡಿದು ಎಬ್ಬಿಸಿಯೇ ಬಿಟ್ಟಳು. ನಾವಿಬ್ಬರೂ! ಯಾವ ಊರಿನವರು ಎಂದು ವ್ಲಾದಿಮಿರ್ ಕೇಳಿದ್ದಕ್ಕೆ ಕಸಿಲ್ದಾ ಕಮೀರಿ ಎಂದಳು. ಬಣ್ಣ ಹಚ್ಚುವ ಹುಡುಗಿ ಕೇಳಿದಾಗ ಯಾಕುಯ್ಬಾ ಎಂದಳು. ಎರಡು ಸಲವೂ ಹೇಳುವಾಗ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಬೆನೀತಾ ಎರಡನ್ನೂ ಕೇಳಿಸಿಕೊಂಡಳು, ಎರಡನ್ನೂ ಜೋಪಾನ ಮಾಡಿಟ್ಟುಕೊಂಡಳು.

ನಿರ್ದೇಶಕಿ ಲಾ ಪಾಸ್‌ನಿಂದ ಬಂದ ಸಣಕಲು ಹೆಂಗಸು, ನಿದ್ದೆಗೆಟ್ಟ ಕಣ್ಣಿನವಳು. ಅವಳು ಇಬ್ಬರಿಗೂ ಒಟ್ಟಿಗೆ ಏನನ್ನೂ ಹೇಳಲಿಲ್ಲ. ಮೊದಲು ಬೆನೀತಾಳ ಕುರ್ಚಿಯ ಬಳಿ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಪಿಸುಗುಟ್ಟಿದಳು: "ಆಕೇನ ಕಂಡ್ರೆ ನಿಮಗೆ ಭಯ. ಯಾಕೆ ಅಂತ ನಿಮಗೂ ಗೊತ್ತಿಲ್ಲ. ಆದ್ರೆ ಬುಟ್ಟಿ ಬೇಡ ಅನ್ನೋಕಾಗಲ್ಲ. ಭಯ ತೋರಿಸ್ಬೇಡಿ, ಒಳಗೆ ಇಟ್ಕೊಳ್ಳಿ, ಅಷ್ಟೇ." ಆಮೇಲೆ ಕಸಿಲ್ದಾಳ ಬಳಿ ಹೋಗಿ ಅವಳ ಕಿವಿಯಲ್ಲೂ ಏನೋ ಹೇಳಿದಳು. ಕಸಿಲ್ದಾ ಕೇಳಿಸಿಕೊಳ್ಳುತ್ತಾ ಬೆನೀತಾಳ ಕಡೆಯೇ ನೋಡಿದಳು. ಮೊದಲ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ. ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು ಎಂದು ಬೆನೀತಾ ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಕಿವಿಯಲ್ಲಿ ಹಾಕಿದ್ದು ಹೊಟ್ಟೆಗೆ ಇಳಿಯಿತೋ, ಹೊಟ್ಟೆಯಲ್ಲಿ ಮೊದಲೇ ಇದ್ದದ್ದನ್ನು ಆ ಸಣಕಲು ಹೆಂಗಸು ಮುಖ ನೋಡಿಯೇ ಕಂಡುಹಿಡಿದಳೋ. ಬೇರೆಯವರು ಕೊಟ್ಟ ಭಯವಾದರೆ ಬಣ್ಣ ಒರೆಸಿದ ಮೇಲೆ ಹೋಗಬೇಕಿತ್ತು. ಹೋಗಲಿಲ್ಲ.

ಬುಟ್ಟಿ ಕೊಟ್ಟಾದ ಮೇಲೆ ಒಬ್ಬರ ತಲೆಗೊಬ್ಬರು ಹಿಟ್ಟು ಎರಚಬೇಕಿತ್ತು, ಬಣ್ಣದ ಕಾಗದದ ಚೂರು ಹಾರಿಸಬೇಕಿತ್ತು, ತಬ್ಬಿಕೊಳ್ಳಬೇಕಿತ್ತು. ಕಸಿಲ್ದಾ ತಬ್ಬಿಕೊಂಡಾಗ ಅವಳ ಕೋಟಿನಿಂದ ಸೀಮೆಎಣ್ಣೆ, ಅಗಿಯುವ ಕೋಕಾ ಎಲೆ, ಎಲ್ಲೋ ಅಡಿಯಲ್ಲಿ ಮಗುವಿನ ಸೋಪು ಇವುಗಳ ವಾಸನೆ ಬಂತು. ಬೆನೀತಾಳನ್ನು ಯಾರೂ ತಬ್ಬಿಕೊಳ್ಳದೆ ಎಷ್ಟು ಕಾಲವಾಗಿತ್ತು ಎಂದರೆ ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಆದರೆ ಮೈಗೆ ತಿಳಿಯಿತು. ಮೈ ಒಂದು ಕ್ಷಣ ಆ ಕೋಟಿಗೆ ಒರಗಿತು, ದಣಿದ ಕತ್ತೆ ಗೋಡೆಗೆ ಒರಗುವ ಹಾಗೆ. ಒರಗಿದ್ದು ಗೊತ್ತಾದ ತಕ್ಷಣ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ನಿರ್ದೇಶಕಿ ಮಾತ್ರ "ಅದೇ, ಅದೇ ಬೇಕಾಗಿತ್ತು" ಎಂದು ಚಪ್ಪಾಳೆ ತಟ್ಟಿದಳು.

ಊಟಕ್ಕೆ ಸಾಯ್ಸೆ ಎಂಬ ಖಾರದ ಮಾಂಸದ ಸಾರು ಹಾಕಿದರು. ಕಸಿಲ್ದಾ ತನ್ನ ತಟ್ಟೆಯ ಮಾಂಸದ ಚೂರುಗಳನ್ನು ಕೇಳದೆಯೇ ಬೆನೀತಾಳ ತಟ್ಟೆಗೆ ದೂಡಿದಳು. "ತಿನ್ನು, ತಿನ್ನು. ಗುಬ್ಬಿ ಹಾಗಿದ್ದೀಯ. ಎಲ್ಲಿಗೆ ಹೊರಟಿದ್ದೀಯ ಇಷ್ಟು ಸೊರಗಿ?" ಹೇಳಬಾರದೆಂದುಕೊಂಡೇ ಬೆನೀತಾ ಎಲ್ಲವನ್ನೂ ಹೇಳಿದಳು. ನದಿಯ ಆಚೆ, ಬೇರೆ ದೇಶದ ಒರಾನ್ ಊರಿನಲ್ಲಿ ಮಗಳು ಮಿರ್ತಾ ಇದ್ದಾಳೆ. ಮದುವೆಯ ದಿನ ಇವಳು ಅಂದ ಒಂದು ಮಾತಿಗೆ ಆರು ವರ್ಷ ಫೋನು ಮಾಡಿರಲಿಲ್ಲ. ಮೊನ್ನೆ ಮಾಡಿದಳು: ಅಮ್ಮಾ, ಬಾ ಅಂತ ಹೇಳ್ತಿಲ್ಲ, ಬಂದ್ರೆ ಬೇಡ ಅನ್ನಲ್ಲ, ಶುಕ್ರವಾರ ಬೆಳಿಗ್ಗೆ ಹೆರಿಗೆಗೆ ಹೊಟ್ಟೆ ಕೊಯ್ತಾರಂತೆ. ಶುಕ್ರವಾರವೆಂದರೆ ನಾಳೆ. ನಾಳೆ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಇವಳು ಇರಬೇಕು. ಇಲ್ಲದಿದ್ದರೆ ಇನ್ನು ಫೋನು ಬರುವುದಿಲ್ಲ. ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು, ಕಸಿಲ್ದಾ ತನ್ನ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. "ಗಂಡು ಮಗು ಆಗ್ಲಿ" ಎಂದಳು. ಸ್ವಲ್ಪ ತಡೆದು, "ಹೆಣ್ಣಾದ್ರೂ ಆಗ್ಲಿ, ಉಸಿರಾಡ್ಕೊಂಡು ಬರ್ಲಿ" ಎಂದಳು. ಆಗ ಅವಳ ದನಿ ಬೇರೆಯಾಗಿತ್ತು. ಅದನ್ನೂ ಬೆನೀತಾ ಜೋಪಾನ ಮಾಡಿಟ್ಟುಕೊಂಡಳು, ಆದರೆ ಯಾವ ಗೂಡಿನಲ್ಲಿ ಇಡಬೇಕೆಂದು ತಿಳಿಯದೆ.

ಮಧ್ಯಾಹ್ನ ಕಲ್ಲು ತೆಗೆದರು. ಬೆರ್ಮೆಹೊ, ಬೆರ್ಮೆಹೊ ಎಂದು ಕೂಗುತ್ತಾ ಕಂಡಕ್ಟರು ಓಡಾಡತೊಡಗಿದ. ಬೆನೀತಾ ಯಾರಿಗೂ ಹೇಳದೆ, ತಲೆಯ ಹಿಟ್ಟನ್ನೂ ಕೊಡವದೆ, ಗಂಟು ಎತ್ತಿಕೊಂಡು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದಳು. ಬಿಟ್ಟಿತು ಎಂದುಕೊಂಡಳು. ಏನು ಬಿಟ್ಟಿತು, ಪೀಡೆಯೇ? ಮಾಂಸ ಕೊಟ್ಟವಳನ್ನು ಪೀಡೆ ಎನ್ನುವುದೇ? ತನ್ನ ಮೇಲೆ ತನಗೇ ಬೇಸರವಾಯಿತು. ಬಸ್ಸಿನ ಮೆಟ್ಟಿಲು ಕಿರುಗುಟ್ಟಿತು, ಸೀಮೆಎಣ್ಣೆಯ ವಾಸನೆ ಬಂತು. ಪಕ್ಕದಲ್ಲಿ ಕೂರಬೇಕಿದ್ದ ಮುದುಕನಿಗೆ ಯಾರೋ ಹೇಳುತ್ತಿದ್ದರು, "ತಾತ, ನೀವು ಆ ಕಡೆ ಹೋಗಿ, ಬಿಸಿಲಿದೆ, ಬೆಚ್ಚಗಿರುತ್ತೆ. ನಾವು ಕೊಮಾದ್ರೆಗಳು, ಜೊತೇಲಿ ಕೂತ್ಕೋಬೇಕು." ಕಣ್ಣು ಬಿಟ್ಟರೆ ಕಸಿಲ್ದಾ. "ನನ್ನ ಬಿಟ್ಟು ಹೊರಟಿದ್ದೆ ನೋಡು" ಎಂದು ತೊಡೆಗೆ ಒಂದೇಟು ಕೊಟ್ಟಳು. ತಮಾಷೆಯ ಏಟು. ಕೈಯಲ್ಲಿ ನೀಲಿ ಪಟ್ಟೆಯ ದೊಡ್ಡ ಚೀಲ. ಬೆಳಿಗ್ಗೆ ಬೆಂಚಿನ ಮೇಲೆ ಆ ಚೀಲ ಇತ್ತೇ? ಬೆನೀತಾ ಎಷ್ಟು ನೆನೆದರೂ ಬೆಂಚು ಕಾಣುತ್ತಿತ್ತು, ಕೋಟು ಕಾಣುತ್ತಿತ್ತು, ಚೀಲ ಕಾಣುತ್ತಿರಲಿಲ್ಲ.

"ಕಾಲು ಸ್ವಲ್ಪ ಎತ್ತು ಕೊಮಾದ್ರೆ. ಇದನ್ನ ನಿನ್ನ ಕಡೆ ಇಡ್ತೀನಿ. ಈ ಕಡೆ ಇಟ್ರೆ ಓಡಾಡೋರು ತುಳೀತಾರೆ."

ಕಾಲು ಎತ್ತಿದಳು. ಚೀಲ ಒಳಗೆ ಬಂತು. ಮತ್ತೆ ಕಾಲು ಇಳಿಸಲು ಜಾಗವಿರಲಿಲ್ಲ. ಚೀಲದ ಮೇಲೆಯೇ ಇಡಬೇಕಾಯಿತು. ಪಾದಗಳ ಅಡಿಯಲ್ಲಿ ಏನೋ ಮೆತ್ತಗಿತ್ತು, ಅದರ ನಡುವೆ ಏನೋ ಗಟ್ಟಿಯಾಗಿತ್ತು. ಬೆರ್ಮೆಹೊ ದಾರಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಬೇರೆಯವರ ಚೀಲವನ್ನು ನಿಮ್ಮ ಕಾಲ ಕೆಳಗೆ ಇಟ್ಟುಕೊಳ್ಳಬಾರದು. ಮುಂದೆ ತಪಾಸಣೆಯ ಗೇಟು ಇದೆ. ಅಲ್ಲಿ ಚೀಲ ಯಾರ ಕಾಲ ಕೆಳಗಿದೆಯೋ ಅವರದೇ. ಇವಳ ಬೀದಿಯಲ್ಲೇ ಹಾಲು ಮಾರುತ್ತಿದ್ದ ತೆಯೊದೋರಾ ಯಾರದೋ ಕಂಬಳಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಕ್ಕೆ, ಅದರೊಳಗೆ ಮಾದಕ ಪುಡಿ ಸಿಕ್ಕಿ, ಜೈಲಿಗೆ ಹೋದಳು. ಕಂಬಳಿ ಕೊಟ್ಟವಳು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳಂತೆ. ತೆಯೊದೋರಾಳ ಮಕ್ಕಳ ಸಮವಸ್ತ್ರವನ್ನು ಆ ವರ್ಷ ಬೆನೀತಾಳೇ ಹೊಲಿದಳು. ಅಳತೆ ಕೊಡಲು ಬಂದ ಮಕ್ಕಳು ಕೈ ಅಗಲಿಸಿ ನಿಂತದ್ದು, ಅವರ ಕಂಕುಳ ಕೆಳಗೆ ಹರಿದ ಬನಿಯನ್ನು, ಎಲ್ಲ ಈಗ ಕಣ್ಣ ಮುಂದೆ ಬಂತು. ಚೀಲ ತೆಗಿ ಎಂದರೆ ಮುಗಿಯುತ್ತಿತ್ತು. ಎರಡು ಮಾತು. ಆ ಎರಡು ಮಾತು ಗಂಟಲವರೆಗೆ ಬಂದು, ಅಲ್ಲಿ ತಾಯಿಯ ಮುಖವನ್ನು ಕಂಡು ವಾಪಸು ಇಳಿದವು. ರಟ್ಟಿನ ಕೇಕು, ತಪ್ಪು ತಿಂಗಳು, ಸುಳ್ಳು ಹಬ್ಬ. ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸೌತೆಕಾಯಿ ನಿಜ, ಸಾಯೋವರ್ಗೂ ಎಂದಾಗ ಆಗಲಿ ಎಂದದ್ದು ನಿಜ, ಅದೂ ಒಂದು ಸಲವಲ್ಲ.

"ಅದು ಸಿನಿಮಾ ಅಲ್ವಾ?" ಎಂದಳು ಕೊನೆಗೆ, ತನ್ನ ದನಿ ತನಗೇ ಕೇಳದಷ್ಟು ಮೆಲ್ಲಗೆ.

"ಯಾವುದು?"

"ಬುಟ್ಟಿ. ಅದಕ್ಕೆ ನಿಜವಾದ ದಿನ ಬೇರೆ ಇದೆ."

ಕಸಿಲ್ದಾ ಕೋಕಾ ಎಲೆಯ ದಂಟು ಕಿತ್ತು ಕೆನ್ನೆಯೊಳಗೆ ಇಟ್ಟುಕೊಂಡಳು. "ದೇವ್ರು ಗೋಡೆಗೆ ಕ್ಯಾಲೆಂಡರ್ ನೇತುಹಾಕ್ಕೊಂಡಿದಾನಾ? ಕೊಟ್ಟೆ, ತಗೊಂಡೆ. ನಾನಂತೂ ಜನ್ಮದಲ್ಲಿ ಯಾರಿಗೂ ಕೊಟ್ಟಿರ್ಲಿಲ್ಲ. ಯಾರು ತಗೋತಾರೆ ನನ್ನಂಥೋಳ ಹತ್ರ?" ನಕ್ಕಳು. ಚಿನ್ನದ ಕಟ್ಟು ಹೊಳೆಯಿತು. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು.

ಬಸ್ಸು ಬೆಟ್ಟದ ತಿರುವುಗಳಲ್ಲಿ ಇಳಿಯತೊಡಗಿತು. ಕಸಿಲ್ದಾ ಕೋಟಿನ ಒಳಜೇಬಿನಿಂದ ಹಣಿಗೆ ತೆಗೆದು, "ಆ ಕಡೆ ತಿರುಗು. ಹೀಗೆ ಹೋದ್ರೆ ನಿನ್ನ ಮಗಳು ಅಜ್ಜಿ ಬಂದ್ಲು ಅಂದ್ಕೋತಾಳೆ" ಎಂದು ಬೆನೀತಾಳ ಜಡೆ ಬಿಚ್ಚಿ ಹಿಟ್ಟು ಬಾಚತೊಡಗಿದಳು. ನಿಧಾನವಾಗಿ, ಸಿಕ್ಕು ಬಂದಲ್ಲಿ ಬೇರನ್ನು ಎಡಗೈಯಲ್ಲಿ ಹಿಡಿದು ನೋವಾಗದಂತೆ. ಮಕ್ಕಳ ತಲೆ ಬಾಚಿ ಗೊತ್ತಿದ್ದವರ ಕೈ ಅದು. ಬೆನೀತಾ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಕೂತಳು. ಕಣ್ಣಲ್ಲಿ ನೀರು ಬಂತು. ತಲೆಯ ಮೇಲೆ ಆ ಕೈ, ಕಾಲ ಕೆಳಗೆ ಆ ಚೀಲ; ಎರಡೂ ಒಬ್ಬಳದೇ ಹೇಗೆ ಇರಬಲ್ಲವು? ಕೊಯ್ಯುವ ಮುಂಚೆ ಕೋಳಿಯನ್ನೂ ಹೀಗೇ ನೇವರಿಸುತ್ತಾರೆ ಎಂದುಕೊಂಡಳು. ಛೀ, ನನ್ನ ಬುದ್ಧಿಯೇ ಹೀಗೆ, ಪ್ರೀತಿ ತೋರಿದವರನ್ನು ಕಳ್ಳರ ಹಾಗೆ ನೋಡುವುದು, ಮಗಳೂ ಇದಕ್ಕೇ ದೂರವಾದದ್ದು ಎಂದೂ ಅಂದುಕೊಂಡಳು. ನಿನಗೂ ಬಾಚುತ್ತೇನೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಕಸಿಲ್ದಾಳ ತಲೆಯ ಮೇಲೆ ಹಿಟ್ಟು, ಕೆಂಪು ಹಸಿರು ಕಾಗದದ ಚೂರು ಹಾಗೇ ಉಳಿದವು.

"ನಿರ್ದೇಶಕಿ ನಿಮ್ಮ ಕಿವೀಲಿ ಏನಂದ್ರು?" ಜಡೆ ಹೆಣೆದು ಮುಗಿದ ಮೇಲೆ ಬೆನೀತಾ ಕೇಳಿದಳು.

"ನಿನ್ನ ಕಿವೀಲಿ ಏನಂದ್ಲು? ನೀನು ಮೊದ್ಲು ಹೇಳು."

"ಏನಿಲ್ಲ. ಸುಮ್ನೆ ನಿಂತ್ಕೊಳ್ಳಿ ಅಂದ್ರು."

ಸುಳ್ಳು ಎಂದು ಕಸಿಲ್ದಾಳಿಗೆ ಗೊತ್ತಾಯಿತು. ಹುಬ್ಬು ಎತ್ತಿದ್ದರಲ್ಲೇ ಕಂಡಿತು. ಆದರೂ ಹೇಳಿದಳು. "ನಂಗೆ ಅಂದ್ಲು, ಲೋಕದಲ್ಲಿ ನಿನ್ನ ಬಿಟ್ಟು ಹೋಗ್ದೇ ಇರೋಳು ಇವಳೊಬ್ಳೇ ಅಂತ ನಂಬು ಅಂತ. ನಂಬಿ ಬುಟ್ಟಿ ಕೊಡು ಅಂತ." ಕಿಟಕಿಯಾಚೆ ನೋಡಿ ಎಲೆಯನ್ನು ಇನ್ನೊಂದು ಕೆನ್ನೆಗೆ ಸರಿಸಿದಳು. "ಮೊದಮೊದ್ಲು ಕಷ್ಟ ಆಯ್ತು. ನಿನ್ನ ಮುಖ ಹಾಗಿಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ, ಹವಾಮಾನದ ಮಾತಾಡುವ ಹಾಗೆ, "ಒರಾನ್‌ನಲ್ಲಿ ನಿನ್ನ ಮಗಳ ಮನೇಲಿ ಒಂದು ರಾತ್ರಿ ಉರುಳ್ಕೊಳ್ಳಕ್ಕೆ ಜಾಗ ಇರುತ್ತಲ್ಲ? ನೆಲದ ಮೇಲೇ ಸಾಕು" ಎಂದಳು.

ಬೆನೀತಾ ಅವಳ ಕಡೆ ತಿರುಗಿದಳು. ಅಂದರೆ ಇವಳು ಬೆರ್ಮೆಹೊದಲ್ಲಿ ಇಳಿದು ಹೋಗುವವಳಲ್ಲ. ದೋಣಿಯಲ್ಲಿ ಜೊತೆಗೆ, ಆಚೆಯ ದಡದ ಪೊಲೀಸರ ಮುಂದೆ ಜೊತೆಗೆ, ಮಿರ್ತಾಳ ಬಾಗಿಲಲ್ಲಿ ಜೊತೆಗೆ. ಆರು ವರ್ಷದ ಮೇಲೆ ಬಾಗಿಲು ತೆರೆದ ಮಗಳು ಈ ಚಿನ್ನದ ಹಲ್ಲನ್ನು, ಈ ಚೀಲವನ್ನು ನೋಡಿ ಏನನ್ನುತ್ತಾಳೆ? ಇವರು ಯಾರಮ್ಮಾ ಎಂದರೆ ಏನು ಹೇಳುವುದು? "ನೋಡೋಣ" ಎಂದಳು. ಕಸಿಲ್ದಾ ಅದನ್ನು ಆಯಿತು ಎಂದೇ ತಿಳಿದು ಕಣ್ಣು ಮುಚ್ಚಿದಳು. ಅವಳ ತಲೆ ಒಂದೊಂದು ತಿರುವಿಗೂ ಜಾರುತ್ತಾ ಬಂದು ಬೆನೀತಾಳ ಭುಜದ ಮೇಲೆ ನಿಂತಿತು. ಬೆನೀತಾ ಅಲುಗದೆ ಕೂತಳು. ಆ ಭಾರ ಹಿತವಾಗಿತ್ತು, ಹೌದು, ಹಿತವಾಗಿತ್ತು, ಅದನ್ನು ಸುಳ್ಳೆನ್ನಲಾಗುವುದಿಲ್ಲ. ಕಬ್ಬಿನ ಗದ್ದೆಗಳು ಶುರುವಾಗುತ್ತಿದ್ದಂತೆ ಗಾಳಿ ಬೆಚ್ಚಗಾಯಿತು. ಬಿಸಿಲು ಇನ್ನೂ ಇತ್ತು. ಎದುರಿಗೆ ತಗಡಿನ ಚಾವಣಿ, ಅಡ್ಡಗಂಬ, ಹಸಿರು ಸಮವಸ್ತ್ರ ಕಂಡವು.

"ಎಲ್ಲಾ ಇಳೀರಿ! ಸಾಮಾನು ಕೈಲಿ ಹಿಡ್ಕೊಂಡು ಇಳೀರಿ!"

ಕಸಿಲ್ದಾ ಎಚ್ಚರಗೊಂಡು ತೋಳು ಉಜ್ಜಿಕೊಂಡಳು. "ನನ್ನ ಈ ಕೈ ಸೋತೋಗಿದೆ. ನೀನು ಚೀಲದ ಆ ಕಡೆ ಕಿವಿ ಹಿಡಿ, ನಾನು ಈ ಕಡೆ ಹಿಡೀತೀನಿ." ಇಬ್ಬರೂ ಹಿಡಿದು ಇಳಿದರು. ಆದರೆ ಮೆಟ್ಟಿಲಲ್ಲಿ ಇಬ್ಬರಿಗೆ ಜಾಗವಿರಲಿಲ್ಲ, ಕಸಿಲ್ದಾ ಕೈಬಿಟ್ಟು ಹಿಂದೆ ಉಳಿದಳು, ಮಧ್ಯೆ ಕೋಳಿ ಪಂಜರ ಹಿಡಿದವನೊಬ್ಬ ನುಸುಳಿದ. ನೆಲಕ್ಕೆ ಕಾಲಿಟ್ಟಾಗ ಚೀಲ ಬೆನೀತಾಳೊಬ್ಬಳ ಕೈಯಲ್ಲಿತ್ತು. ಬೇಕೆಂದೇ ಬಿಟ್ಟಳು! ತೆಯೊದೋರಾಳ ಮಕ್ಕಳು ಕೈ ಅಗಲಿಸಿ ನಿಂತರು. ಸಾಲು ಮುಂದೆ ಸರಿಯುತ್ತಿತ್ತು. ಕಬ್ಬಿಣದ ಕಡ್ಡಿ ಹಿಡಿದ ಪೊಲೀಸನೊಬ್ಬ ಒಂದೊಂದೇ ಚೀಲಕ್ಕೆ ಚುಚ್ಚುತ್ತಿದ್ದ. ಬೆನೀತಾಳ ಕೈಯಿಂದ ಹಿಡಿ ತಾನಾಗಿ ಜಾರಿತು, ಅಥವಾ ಅವಳೇ ಬಿಟ್ಟಳು. ಚೀಲ ಧೂಳಿನಲ್ಲಿ ಕೂತಿತು. ಅವಳು ಅದರಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ಗಂಟನ್ನು ಎದೆಗೆ ಅವಚಿಕೊಂಡು, ಬೆಟ್ಟದ ಕಡೆ ನೋಡುತ್ತಾ ನಿಂತಳು. ಹಾಗೆ ನೋಡುವುದನ್ನೇ ಬೆಳಗಿನಿಂದ ಅವಳಿಗೆ ಅಭ್ಯಾಸ ಮಾಡಿಸಿದ್ದರು.

"ಇದ್ಯಾರದ್ದು?" ಪೊಲೀಸ ಬೂಟಿನಿಂದ ಚೀಲವನ್ನು ತಟ್ಟಿದ. ಬೆನೀತಾಳ ಕಡೆ ತಿರುಗಿದ. "ಅಜ್ಜಿ, ನಿಮ್ಮನ್ನೇ. ನೀವು ಹಿಡ್ಕೊಂಡಿದ್ದು ನೋಡ್ದೆ."

"ನಂದಲ್ಲ."

"ಮತ್ಯಾರದ್ದು?"

"ನನ್ದು ಕಣಪ್ಪಾ, ನನ್ದು" ಎಂದು ಕಸಿಲ್ದಾ ಕೋಳಿ ಪಂಜರವನ್ನು ತಳ್ಳಿಕೊಂಡು ಮುಂದೆ ಬಂದಳು. ಪೊಲೀಸ ಅವಳ ತಲೆಯ ಹಿಟ್ಟು, ಕಾಗದದ ಚೂರು ನೋಡಿ ಹಲ್ಲು ಕಿರಿದ. "ಏನಮ್ಮಾ, ಜೂನ್‌ನಲ್ಲಿ ಕಾರ್ನಿವಾಲಾ? ಕುಡಿದಿದ್ದೀಯಾ?" ಆಮೇಲೆ ಬೆನೀತಾಳ ಕಡೆ, ನೀಟಾಗಿ ಬಾಚಿ ಹೆಣೆದ ಅವಳ ಜಡೆಯ ಕಡೆ ನೋಡಿದ. "ಈಕೆ ನಿಮಗೆ ಏನಾಗ್ಬೇಕು?"

ಕಸಿಲ್ದಾ ಅವಳನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ, ಬೆದರಿಸುವ ನೋಟವೂ ಅಲ್ಲ. ಪಾಠ ಒಪ್ಪಿಸುವ ಮಗುವಿನ ಮುಖ ನೋಡುವಂತೆ, ಮುಂದಿನ ಮಾತು ಬರುತ್ತದೆಂದು ನಂಬಿ ಕಾಯುವ ನೋಟ.

"ಏನೂ ಆಗ್ಬೇಕಿಲ್ಲ. ಯಾರೋ ನಂಗೊತ್ತಿಲ್ಲ" ಎಂದಳು ಬೆನೀತಾ. ದನಿ ನಡುಗಲೂ ಇಲ್ಲ. ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ಅಚ್ಚರಿಯಾಯಿತು.

ಪೊಲೀಸ ಚೀಲವನ್ನೂ ಕಸಿಲ್ದಾಳನ್ನೂ ತಗಡಿನ ಕೋಣೆಯ ಕಡೆಗೆ ಕರೆದ. ಹೋಗುವಾಗ ಕಸಿಲ್ದಾ ಬೆನೀತಾಳನ್ನು ಸವರಿಕೊಂಡೇ ಹೋದಳು, ತುಟಿ ಅಲುಗಿಸದೆ ಹೇಳಿದಳು: "ಒಳ್ಳೇದು ಮಾಡ್ದೆ. ನಾಳೆ ನೀನು ಅಲ್ಲಿರ್ಬೇಕು. ಬಸ್ಸು ಹಿಡಿದಿಟ್ಟಿರು ಕೊಮಾದ್ರೆ, ಈಗ್ಲೇ ಬಂದ್ಬಿಟ್ಟೆ."

ಬೆನೀತಾ ಬಸ್ಸಿನಲ್ಲಿ ಕೂತಳು. ಕಾಲು ಚಾಚಲು ಈಗ ಬೇಕಾದಷ್ಟು ಜಾಗವಿತ್ತು. ಒಳ್ಳೇದು ಮಾಡ್ದೆ ಎಂದರೆ ಏನರ್ಥ? ಕೊಂಕಾಗಿರಲಿಲ್ಲ, ದನಿಯಲ್ಲಿ ಕೊಂಕು ಇರಲಿಲ್ಲ. ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು: ಮೇಜಿನ ಮೇಲೆ ಚೀಲ ಬೋರಲಾಗಿ ಬಿತ್ತು, ಬಟ್ಟೆಗಳು, ಒಂದು ಅಲ್ಯುಮಿನಿಯಂ ಪಾತ್ರೆ, ಹೊಸ ದಾರ ಹಾಕಿದ ಗಂಡಸಿನ ಬೂಟು, ಬ್ರೆಡ್ಡು. ಪೊಲೀಸ ಕಡ್ಡಿಯಿಂದ ಚುಚ್ಚಿದ, ಬೂಟಿನೊಳಗೆ ಕೈಹಾಕಿದ, ಪಾತ್ರೆಯ ತಳ ತಟ್ಟಿ ನೋಡಿದ. ಏನೋ ಕೇಳಿದ. ಕಸಿಲ್ದಾ ಏನೋ ಹೇಳಿದಳು. ಅವನು ಬ್ರೆಡ್ಡು ಮುರಿದು ನೋಡಿ, ಮುರಿದ ತುಂಡನ್ನು ಬಾಯಿಗೆ ಹಾಕಿಕೊಂಡು, ಹೋಗು ಎಂದು ಕೈಬೀಸಿದ. ಕಸಿಲ್ದಾ ಎಲ್ಲವನ್ನೂ ಬಾಚಿ ತಬ್ಬಿಕೊಂಡು ಹೊರಗೆ ಬಂದು, ಕೋಣೆಯ ಮುಂದಿನ ಧೂಳಿನಲ್ಲಿ ಮೊಣಕಾಲೂರಿ ಒಂದೊಂದಾಗಿ ಮಡಿಸಿ ಚೀಲಕ್ಕೆ ತುಂಬತೊಡಗಿದಳು.

ಏನೂ ಇರಲಿಲ್ಲ. ಬೆನೀತಾ ಅದಕ್ಕಾಗಿ ಕಾದಳು, ನೆಮ್ಮದಿಗಾಗಿ. ಬಂದದ್ದು ಬೇರೆ. ಬೆಳಗಿನಿಂದ ಇದ್ದ ಹೆದರಿಕೆ ಕರಗುವ ಬದಲು ಹೆಚ್ಚಾಯಿತು. ಈಗ ಇವಳು ಬರುತ್ತಾಳೆ. ಬಂದು ಇಲ್ಲಿ ಕೂರುತ್ತಾಳೆ, ತೊಡೆಗೆ ಒಂದೇಟು ಕೊಡುತ್ತಾಳೆ, ಆ ಮಾತಿನ ಬಗ್ಗೆ ಒಂದಕ್ಷರ ಆಡುವುದಿಲ್ಲ, ಮತ್ತೆ ಭುಜಕ್ಕೆ ತಲೆ ಇಡುತ್ತಾಳೆ. ಒರಾನ್‌ವರೆಗೆ. ಮಿರ್ತಾಳ ಮನೆಯ ನೆಲದ ಮೇಲೆ. ಮುಂದಿನ ಕಾರ್ನಿವಾಲಿಗೆ, ಅದರ ಮುಂದಿನದಕ್ಕೆ. ಅಥವಾ ಪಾತ್ರೆಗೆ ಎರಡು ತಳವಿತ್ತು, ಆ ಪೊಲೀಸನಿಗೆ ತಿಳಿಯಲಿಲ್ಲ. ನದಿಯ ದಡದಲ್ಲಿರುವವನಿಗೆ ತಿಳಿಯುತ್ತದೆ. ಹಾಗೇ ಇರಬೇಕು ಎಂದು ಬೆನೀತಾ ಪಾತ್ರೆಯನ್ನು ದಿಟ್ಟಿಸಿದಳು. ಹಾಗೇ ಇರಲಿ ಎಂದು ಬೇಡಿಕೊಂಡಳು.

ಡ್ರೈವರು ಎಂಜಿನ್ನು ಚಾಲೂ ಮಾಡಿದ. ಈ ದಾರಿಯ ಬಸ್ಸುಗಳಲ್ಲಿ ತಲೆ ಎಣಿಸುವ ಪದ್ಧತಿಯಿಲ್ಲ. ಪಕ್ಕದವರು ಬಂದರೋ ಇಲ್ಲವೋ ಎಂದು ಪ್ರತಿಯೊಬ್ಬರೂ ನೋಡಿ ಹೇಳಬೇಕು, ಇಲ್ಲವೆಂದರೆ ಬಸ್ಸು ನಿಲ್ಲುತ್ತದೆ, ಎಷ್ಟು ಹೊತ್ತಾದರೂ. ಕಂಡಕ್ಟರು ಸೀಟಿನ ಬೆನ್ನು ತಟ್ಟುತ್ತಾ ಬಂದ. "ಪಕ್ಕದೋರು ಬಂದ್ರಾ? ಬಂದ್ರಾ? ತಾತ, ನಿಮ್ಮೋರು?" ಹೊರಗೆ ಕಸಿಲ್ದಾ ಬಸ್ಸಿಗೆ ಬೆನ್ನು ಹಾಕಿ ಬೂಟಿನ ದಾರ ಕಟ್ಟುತ್ತಿದ್ದಳು. ಆತುರವೇ ಇರಲಿಲ್ಲ ಅವಳಿಗೆ. ಹಿಂದೆ ಇನ್ನೆರಡು ಬಸ್ಸುಗಳು ಬಂದು ನಿಂತು ಗುರ್ ಎನ್ನುತ್ತಿದ್ದವು.

"ಸೆನ್ಯೋರಾ, ಪಕ್ಕದೋರು?"

"ಅವರು ಇಲ್ಲೇ ಇಳ್ಕೊಂಡ್ರು" ಎಂದಳು ಬೆನೀತಾ. "ಅವರೂರು ಇದೇ ಅಂತೆ."

"ಹೋಗೋಣಾ ಮತ್ತೆ?"

"ಹೋಗೋಣ."

ಅಡ್ಡಗಂಬ ಮೇಲೆದ್ದಿತು. ಬಸ್ಸು ಅಲುಗಿ, ಕಲ್ಲು ಜಲ್ಲಿಯ ಮೇಲೆ ಉರುಳಿ, ಕಸಿಲ್ದಾ ಕೂತಿದ್ದ ಕಡೆಯಿಂದಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ ಹಾದುಹೋಯಿತು. ಅವಳ ತಲೆಯ ಮೇಲಿನ ಹಿಟ್ಟು, ಒಂದು ಹಸಿರು ಕಾಗದದ ಚೂರು ಸ್ಪಷ್ಟವಾಗಿ ಕಂಡವು. ಅವಳು ತಲೆ ಎತ್ತಿ ನೋಡಲಿಲ್ಲ. ಹೊರಟದ್ದು ಬೇರೆ ಯಾವುದೋ ಬಸ್ಸು ಎಂದುಕೊಂಡಿರಬೇಕು.